ಪದ ಬೇಕು: ಜಪಾನಿನ 'ವೇವ್ ಡ್ಯಾಶ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಜಪಾನಿ ಬರಹವನ್ನು ಕಂಪ್ಯೂಟರಿನಲ್ಲಿ ಇಡುವ ಬಗೆಯ ಕುರಿತ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕಳಿಸಬೇಕು. ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಅಲೆಯ ಹಾಗೆ ಬಳುಕುವ ಒಂದು ಅಡ್ಡಗೆರೆ ಅವರಲ್ಲಿದೆ. '9ರಿಂದ 5ರವರೆಗೆ' ಎನ್ನುವುದಕ್ಕೆ ಎರಡು ಅಂಕಿಗಳ ನಡುವೆ ಹಾಕುತ್ತಾರೆ. ಆಗ ಅದನ್ನು 'ಕರಾ' ಎಂದು ಓದುತ್ತಾರೆ, ಅಂದರೆ ನಮ್ಮ 'ಇಂದ'. ಸಲಿಗೆಯ ಬರಹದಲ್ಲಿ ಕೊನೆಯ ಸ್ವರ ಎಳೆಯುವುದಕ್ಕೂ ಇದೇ. ಅವರು ಇಟ್ಟ ಹೆಸರು 'ನಾಮಿ ಡ್ಯಾಶ್ಶು'. ನಾಮಿ ಅಂದರೆ ಅಲೆ. ಇದಕ್ಕೂ, ಇದರ ಜೊತೆ ಬರುವ 'ಫುಲ್‌ವಿಡ್ತ್ ಟಿಲ್ಡೆ'ಗೂ (ಕೀಲಿಮಣೆಯಲ್ಲಿರುವ ~ ಗುರುತಿನ ಅಗಲ ರೂಪ) ಪದ ಬೇಕು.

ಉತ್ತರ:

ಅಲೆಗೆರೆ. ಬೇರೆ ಹುಡುಕುವುದು ಸುಮ್ನೆ. ಅಡಿಗೆರೆ, ಅಡ್ಡಗೆರೆ ಇದ್ದೇ ಇವೆ, ಅದೇ ಸಾಲಿಗೆ ಇದೂ ಒಂದು. ಹಳಗನ್ನಡದಲ್ಲಿ ಗೆಱೆ. ಗೀರು, ಗೆರೆ ಎರಡಕ್ಕೂ ಬೇರು ಒಂದೇ, ಗೀರಿದ್ದೇ ಗೆರೆ. 'ತರಂಗರೇಖೆ' ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಬೇಡ. ಟಿಲ್ಡೆಗೂ ಅಲೆಗೆರೆಯೇ ಸಾಕು. ನೋಡೋಕೆ ಎರಡೂ ಒಂದೇ ಅಲ್ವಾ?

ಇನ್ನೊಂದು ಉತ್ತರ:

ತರಂಗರೇಖೆ ಯಾಕೆ ಬೇಡ? ಜಲತರಂಗ ಕೇಳಿದವರಿಗೆಲ್ಲ ತರಂಗ ಗೊತ್ತು. ರೇಖೆಯನ್ನು ಶಾಲೆಯ ಮಕ್ಕಳು ದಿನಾ ಎಳೆಯುತ್ತಾರೆ. ಸಂಸ್ಕೃತ ಅಂದ ತಕ್ಷಣ ಬಾಗಿಲು ಹಾಕುವ ಈ ಹಟ ನನಗೆ ಹಿಡಿಸುವುದಿಲ್ಲ. ಜಪಾನಿಯರನ್ನೇ ನೋಡಿ. 'ನಾಮಿ' ಅವರ ಮನೆಯದು, 'ಡ್ಯಾಶ್ಶು' ಇಂಗ್ಲಿಷಿನಿಂದ ತಂದದ್ದು. ಹೆಸರಿನಲ್ಲಿ ಅರ್ಧ ಸಾಲ ತಂದರೂ ಅವರ ಭಾಷೆ ಮುಳುಗಲಿಲ್ಲ. 'ಅಲೆ ಡ್ಯಾಶ್' ಎಂದರೂ ನಡೆಯುತ್ತದೆ.

ಕೇಳಿದವರ ಮರುಮಾತು:

ಸಾಲದ ಜಗಳ ಆಮೇಲೆ ಆಡೋಣ, ದಯವಿಟ್ಟು. ಎರಡಕ್ಕೂ ಒಂದೇ ಪದ ಇಟ್ಟರೆ ನನ್ನ ಅಧ್ಯಾಯವೇ ಕೆಡುತ್ತದೆ.

1978ರ ಜಪಾನಿ ಅಕ್ಷರಗಳ ಪ್ರಮಾಣಿತ ಪಟ್ಟಿಯಲ್ಲಿ ಈ ಗೆರೆಗೆ ಒಂದೇ ಜಾಗ: 1ನೇ ಸಾಲು, 33ನೇ ಮನೆ. ಶಿಫ್ಟ್-ಜಿಸ್ ಎಂಬ ಜಪಾನಿ ಎನ್‌ಕೋಡಿಂಗಿನಲ್ಲಿ, ಅಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಬಗೆಯಲ್ಲಿ, ಅದರ ಸಂಖ್ಯೆ 8160. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡಿಗೆ ತರುವಾಗ ದಾರಿ ಎರಡಾಯಿತು. ಮ್ಯಾಕ್ ಅದನ್ನು 301ಸಿ, ಅಂದರೆ ವೇವ್ ಡ್ಯಾಶ್, ಎಂದು ಓದುತ್ತದೆ. ವಿಂಡೋಸ್ ಎಫ್‌ಎಫ್5ಇ, ಅಂದರೆ ಫುಲ್‌ವಿಡ್ತ್ ಟಿಲ್ಡೆ, ಎಂದು ಓದುತ್ತದೆ. ಕಣ್ಣಿಗೆ ಒಂದೇ, ಒಳಗೆ ಎರಡು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. 301ಸಿ ಇರುವ ಬರಹವನ್ನು ವಿಂಡೋಸಿನ ಹಳೆಯ ಜಪಾನಿ ಎನ್‌ಕೋಡಿಂಗಿಗೆ ತಿರುಗಿಸಿದರೆ ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ವೇಳಾಪಟ್ಟಿಯಲ್ಲಿ '9?5' ಎಂದಿದ್ದರೆ ಓದುವವರು ಏನು ತಿಳಿಯಬೇಕು?

ಯುನಿಕೋಡಿನ ಪಟ್ಟಿಯಲ್ಲಿ 301ಸಿಯ ಚಿತ್ರವೂ ಬಹಳ ಕಾಲ ತಲೆಕೆಳಗಾಗಿತ್ತು. ಮೊದಲು ಏರಿ ಆಮೇಲೆ ಇಳಿಯಬೇಕಾದ ಅಲೆ ಅಲ್ಲಿ ಮೊದಲು ಇಳಿದು ಆಮೇಲೆ ಏರುತ್ತಿತ್ತು. 2015ರ 8.0 ಆವೃತ್ತಿಯಲ್ಲಿ ಸರಿಪಡಿಸಿದರು.

ಮತ್ತೊಂದು ಉತ್ತರ:

ಚಿತ್ರವಾದ್ದರಿಂದ ತಿದ್ದಿದರು. ಹೆಸರಾಗಿದ್ದರೆ ಆಗುತ್ತಿರಲಿಲ್ಲ. ನಮ್ಮ ಹಳಗನ್ನಡದ ೞ ಇದೆಯಲ್ಲ, ಯುನಿಕೋಡ್ ಸಂಖ್ಯೆ 0ಸಿಡಿಇ, ಅದಕ್ಕೆ ಯುನಿಕೋಡ್ ತಪ್ಪಾಗಿ 'ಫ' ಎಂದು ಹೆಸರಿಟ್ಟಿದೆ. ಕೊಟ್ಟ ಹೆಸರು ಬದಲಿಸಬಾರದು ಎಂಬ ನಿಯಮ ಇರುವುದರಿಂದ ಅದು ಹಾಗೇ ಉಳಿದಿದೆ. ಪಕ್ಕದಲ್ಲಿ 'ಹೆಸರು ತಪ್ಪು' ಎಂಬ ಟಿಪ್ಪಣಿ ಮಾತ್ರ ಇದೆ. ಹಾಗಾಗಿ ಹೆಸರಿಡುವಾಗಲೇ ಜಾಸ್ತಿ ಎಚ್ಚರ ಬೇಕು. 301ಸಿಗೆ 'ಅಲೆಗೆರೆ', ಎಫ್‌ಎಫ್5ಇಗೆ 'ಅಗಲ ಟಿಲ್ಡೆ'. ಎರಡನೆಯದನ್ನು ಗೆರೆ ಅನ್ನಬೇಡಿ. ಅದು ಕೀಲಿಮಣೆಯ ಟಿಲ್ಡೆಯ ಅಗಲ ರೂಪ.

ಕೇಳಿದವರು:

ಎರಡನ್ನೂ ಹಾಗೇ ಹಾಕುತ್ತೇನೆ. ಮೊದಲ ಸಲ ಬಂದಾಗ ಪಕ್ಕದಲ್ಲೇ ಕೋಡ್ ಸಂಖ್ಯೆಯನ್ನೂ ಕೊಡುತ್ತೇನೆ. ತುಂಬಾ ಥ್ಯಾಂಕ್ಸ್.

ಮೊದಲು ಉತ್ತರಿಸಿದವರು:

ಟಿಲ್ಡೆಗೆ ನನ್ನ ಒಪ್ಪಿಗೆ ಇಲ್ಲ. ಅದಕ್ಕೂ ಕನ್ನಡದ್ದೇ ಒಂದು ಹುಡುಕುತ್ತೇನೆ. ಸಂಜೆಯವರೆಗೆ ಕಾಯಿರಿ.