ಬಿಸಿಜಿ ಬರೀ ಟಿಬಿಗಾ, ಬೇರೆ ಸೋಂಕಿಗೂ ಆಗುತ್ತಾ?

ಮಜ್ಜಿಗೆಹುಳಿ:
ಮೊನ್ನೆ ಅಕ್ಕನ ಮಗುವಿಗೆ ಬಿಸಿಜಿ ಹಾಕಿಸಿದರು, ಅಲ್ಲಿಂದ ಶುರುವಾದ ಅನುಮಾನ ಇದು. ಹುಟ್ಟಿನಿಂದಲೇ ಬರುವ ರೋಗನಿರೋಧಕ ಶಕ್ತಿಗೆ ನೆನಪಿಲ್ಲ, ನೆನಪೇನಿದ್ದರೂ ಬಿ ಮತ್ತು ಟಿ ಕೋಶಗಳದ್ದು ಅಂತ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಈಗ ನೋಡಿದರೆ ಬಿಸಿಜಿ ಬೇರೆ ರೋಗಾಣುಗಳ ವಿರುದ್ಧವೂ ಮೈಯನ್ನು ಚುರುಕು ಮಾಡುತ್ತದೆ ಅನ್ನುತ್ತಾರೆ. ಪುಸ್ತಕ ಸುಳ್ಳಾ?

ಲ್ಯಾಬ್‌ಇಲಿ:
ಸುಳ್ಳಲ್ಲ, ಹಳೆಯದು. ನೆದರ್ಲೆಂಡ್ಸ್‌ನಲ್ಲಿ ಮಿಹಾಯ್ ನೇತೆಯಾ ಅವರ ತಂಡ 2012ರಲ್ಲಿ ಇದನ್ನು ತೋರಿಸಿತು. ಬಿಸಿಜಿ ಹಾಕಿಸಿಕೊಂಡವರ ರಕ್ತದಿಂದ ಮೊನೊಸೈಟ್ ಅನ್ನುವ ಬಿಳಿ ರಕ್ತಕಣ ತೆಗೆದು, ಟಿಬಿಗೆ ಸಂಬಂಧವೇ ಇಲ್ಲದ ಕ್ಯಾಂಡಿಡಾ ಶಿಲೀಂಧ್ರ, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ತೋರಿಸಿದರೂ ಅವು ಮೊದಲಿಗಿಂತ ಜಾಸ್ತಿ ಟಿಎನ್‌ಎಫ್ (ಉರಿಯೂತ ಎಬ್ಬಿಸುವ ಸಂದೇಶ ಪ್ರೋಟೀನ್) ಸುರಿಸಿದವು, ಅದೂ ಮೂರು ತಿಂಗಳಾದ ಮೇಲೆ. ಡಿಎನ್‌ಎ ಬದಲಾಗುವುದಿಲ್ಲ. ಅದು ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್ ಮೇಲೆ ರಾಸಾಯನಿಕ ಗುರುತು ಕೂರುತ್ತದೆ, ಜೀನ್ ಬಾಗಿಲು ಮುಚ್ಚಿದ್ದರೂ ಚಿಲಕ ಹಾಕಿರುವುದಿಲ್ಲ. ಟಿ ಕೋಶ ಕಳ್ಳನ ಮುಖ ನೆನಪಿಡುತ್ತದೆ. ಇದು ಹಾಗಲ್ಲ, ಒಮ್ಮೆ ಕಳ್ಳತನ ಆದ ಬೀದಿಯವರು ಎಲೆ ಅಲ್ಲಾಡಿದರೂ ಎದ್ದು ಕೂರುತ್ತಾರಲ್ಲ, ಆ ಥರ.

ಮಜ್ಜಿಗೆಹುಳಿ:
ಆದರೆ ಮೊನೊಸೈಟ್ ರಕ್ತದಲ್ಲಿ ಇರುವುದೇ ಕೆಲವು ದಿನ. ಮೂರು ತಿಂಗಳು ನೆನಪಿಡುವವರು ಯಾರು?

ಲ್ಯಾಬ್‌ಇಲಿ:
ಒಳ್ಳೆ ಪ್ರಶ್ನೆ. ಮೂಳೆಮಜ್ಜೆ. 2018ರಲ್ಲಿ ಇಲಿಗಳ ರಕ್ತನಾಳಕ್ಕೆ ಬಿಸಿಜಿ ಕೊಟ್ಟಾಗ ಅಲ್ಲಿನ, ರಕ್ತಕಣ ಹುಟ್ಟಿಸುವ ಕಾಂಡಕೋಶಗಳೇ ಬದಲಾಗಿದ್ದವು. ಕಾರ್ಖಾನೆಯೇ ಬದಲಾದರೆ ಹೊಸ ಮಾಲೂ ಹಾಗೇ ಬರುತ್ತದೆ. ಆಮೇಲೆ ಮನುಷ್ಯರ ಮಜ್ಜೆಯಲ್ಲೂ ಇಂಥ ಬದಲಾವಣೆ ಕಂಡಿತು.

ಐಸಿಯು_ರಾತ್ರಿಪಾಳಿ:
ಉಲ್ಟಾನೂ ಆಗುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ಎಲ್‌ಪಿಎಸ್ ಒಮ್ಮೆ ಜೋರಾಗಿ ತಗುಲಿದರೆ, ಮುಂದಿನ ಸಲ ಅದೇ ಕೋಶಗಳು ಟಿಎನ್‌ಎಫ್ ಬಿಡುವುದೇ ಕಮ್ಮಿ. 1940ರ ದಶಕದಲ್ಲೇ ಪಾಲ್ ಬೀಸನ್ ಮೊಲಗಳಿಗೆ ದಿನಾ ಟೈಫಾಯ್ಡ್ ಲಸಿಕೆ ಚುಚ್ಚಿದಾಗ ಜ್ವರ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗಿತ್ತು. ಸೆಪ್ಸಿಸ್‌ನಿಂದ (ಸೋಂಕಿಗೆ ಮೈ ಹದ್ದು ಮೀರಿ ಪ್ರತಿಕ್ರಿಯಿಸಿ ಅಂಗಾಂಗ ಕೆಡುವ ಸ್ಥಿತಿ) ಹೇಗೋ ಪಾರಾದವರಿಗೆ ಮತ್ತೆ ಸೋಂಕು ಹತ್ತುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ‘ಮಣ್ಣಲ್ಲಿ ಆಡಿದಷ್ಟೂ ಗಟ್ಟಿ’ ಅಂತ ಸುಮ್ನೆ ಹೇಳಬೇಡಿ. ಯಾವ ಬ್ಯಾಕ್ಟೀರಿಯಾ, ಎಷ್ಟು, ಯಾವ ದಾರಿಯಲ್ಲಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ತುಂಗೆಯ_ದಡ:
ಹಾಗಾದರೆ ದೊಡ್ಡವರೂ ಇನ್ನೊಂದು ಸಲ ಬಿಸಿಜಿ ಹಾಕಿಸಿಕೊಂಡರೆ ಲಾಭ ಅಲ್ವಾ?

ಲ್ಯಾಬ್‌ಇಲಿ:
ಅವಸರ ಬೇಡ. ಕೊರೋನಾ ಕಾಲದಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಕೊಟ್ಟು ನೋಡಿದ ಬ್ರೇಸ್ ಪ್ರಯೋಗದಲ್ಲಿ ಕೋವಿಡ್ ಕಮ್ಮಿ ಆಗಲಿಲ್ಲ. ಪಶ್ಚಿಮ ಆಫ್ರಿಕಾದ ಗಿನಿ-ಬಿಸಾವ್‌ನಲ್ಲಿ ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಡೆನ್ಮಾರ್ಕ್ ತಳಿಯ ಬಿಸಿಜಿ ಕೊಟ್ಟಾಗ ಸಾವು ಇಳಿದಿತ್ತು. ನಮ್ಮ ದೇಶದಲ್ಲಿ ರಷ್ಯಾ ತಳಿ ಕೊಟ್ಟಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಮಗುವಿನದು ಟಿಬಿಗೇ ಬೇಕಾದ ಲಸಿಕೆ, ಅದರಲ್ಲಿ ಅನುಮಾನ ಇಟ್ಟುಕೊಳ್ಳಬೇಡಿ.

ಮಜ್ಜಿಗೆಹುಳಿ:
ಆಯ್ತು. ತೋಳಲ್ಲಿ ಗುಳ್ಳೆ ಏಳುತ್ತದೆ, ಉಜ್ಜಬೇಡಿ ಅಂತ ನರ್ಸಮ್ಮ ಮೊದಲೇ ಹೇಳಿದ್ದಾರೆ. ಅಕ್ಕ ಆಗಲೇ ಅರಿಶಿನ ಹಿಡಿದುಕೊಂಡು ಕೂತಿದ್ದಾಳೆ, ಹೋಗಿ ತಡೆಯುತ್ತೇನೆ.