ಮೇನ್ ಆಫ್ ಮಾಡಿದ ಮೇಲೂ ಪ್ಯಾನೆಲ್‌ನಲ್ಲಿ ಕರೆಂಟ್: ಐಸೊಲೇಟರ್ ಒಂದು ಸಾಕಾ?

ವಸಂತನರಸಾಪುರ ಮೇಂಟೆನೆನ್ಸ್
ತುಮಕೂರಿನ ನಮ್ಮ ಫ್ಯಾಕ್ಟರಿಯಲ್ಲಿ ಒಂದು ಪ್ಯಾಕಿಂಗ್ ಮೆಷಿನ್ ಇದೆ. ಅದರ ಪ್ಯಾನೆಲ್‌ಗೆ 415 ವೋಲ್ಟ್ ಮೇನ್ ಬರುತ್ತದೆ. ಪಿಎಲ್‌ಸಿಗೆ (ಮೆಷಿನ್ ನಡೆಸುವ ಕಂಪ್ಯೂಟರ್‌ಗೆ) ಯುಪಿಎಸ್‌ನಿಂದ ಬೇರೆ ಲೈನ್. ಪಕ್ಕದ ಕನ್ವೇಯರ್ ಪ್ಯಾನೆಲ್‌ನಿಂದ 230 ವೋಲ್ಟಿನ ಇಂಟರ್‌ಲಾಕ್ ವೈರ್ ಎರಡು, ಅಂದರೆ ಒಂದರ ಸ್ಥಿತಿ ನೋಡಿ ಇನ್ನೊಂದನ್ನು ಓಡಿಸುವ ಅಥವಾ ತಡೆಯುವ ವೈರ್. ಮೊನ್ನೆ ನಮ್ಮ ಹುಡುಗ ಮೇನ್ ಐಸೊಲೇಟರ್ (ಕರೆಂಟ್ ಕಡಿದು ಬೀಗ ಹಾಕುವ ಸ್ವಿಚ್) ಆಫ್ ಮಾಡಿ, ಬೀಗ ಹಾಕಿ, ಕಾಂಟ್ಯಾಕ್ಟರ್ (ಮೋಟಾರ್ ಆನ್-ಆಫ್ ಮಾಡುವ ಸ್ವಿಚ್) ಬದಲಿಸಲು ಕೈ ಹಾಕಿದ. ಇಂಟರ್‌ಲಾಕ್ ವೈರ್ ಶಾಕ್ ಹೊಡೆಯಿತು. ಪುಣ್ಯ, ಹೆಚ್ಚೇನೂ ಆಗಲಿಲ್ಲ. ಬಾಗಿಲ ಮೇಲೆ ಒಂದು ಎಚ್ಚರಿಕೆ ಬೋರ್ಡೂ ಇರಲಿಲ್ಲ. ಎಲ್ಲ ಸಪ್ಲೈಯೂ ಒಂದೇ ಹ್ಯಾಂಡಲ್‌ನಲ್ಲಿ ಕಟ್ ಆಗಬೇಕು ಅಂತ ನಿಯಮ ಇದೆಯಾ?

ಪ್ಯಾನೆಲ್ ಕಟ್ಟುವವ
ಒಂದೇ ಹ್ಯಾಂಡಲ್ ಇರಬೇಕು ಅಂತಿಲ್ಲ ಸರ್. ಮೆಷಿನ್‌ಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1ರ 5.3ನೇ ಕಲಮು ನೋಡಿ. ಮೆಷಿನ್‌ಗೆ ಬರುವ ಒಂದೊಂದು ಸಪ್ಲೈಗೂ ಕೈಯಿಂದ ಆಫ್ ಮಾಡುವ ಸ್ವಿಚ್ ಬೇಕು. ಒಂದಕ್ಕಿಂತ ಜಾಸ್ತಿ ಸ್ವಿಚ್ ಇದ್ದು, ಒಂದನ್ನೇ ಆಫ್ ಮಾಡಿದರೆ ಅಪಾಯ ಅನ್ನುವ ಹಾಗಿದ್ದರೆ ಅವುಗಳ ನಡುವೆ ಇಂಟರ್‌ಲಾಕ್ ಇರಬೇಕು. ಆದರೆ ಮೆಷಿನ್ ಒಳಗಿನ ಲೈಟು, ರಿಪೇರಿಯ ಪ್ಲಗ್, ಬೇರೆ ಪ್ಯಾನೆಲ್‌ನ ಇಂಟರ್‌ಲಾಕ್, ಇವನ್ನು ಮೇನ್‌ನಿಂದ ಕಟ್ ಮಾಡಲೇಬೇಕು ಅಂತಿಲ್ಲ. ಹಾಗೆ ಬಿಟ್ಟರೆ ಮೇನ್ ಸ್ವಿಚ್ ಹತ್ತಿರ ಅಳಿಸದ ಎಚ್ಚರಿಕೆ ಬೋರ್ಡ್ ಹಾಕಬೇಕು. ಆ ವೈರ್‌ಗಳಿಗೆ ಕಿತ್ತಳೆ ಬಣ್ಣ ಕೊಡುವುದು ರೂಢಿ.

ನರಸಾಪುರ ಶಿಫ್ಟ್ ಇನ್‌ಚಾರ್ಜ್, ಕೋಲಾರ
ನಾನು ಒಪ್ಪುವುದಿಲ್ಲ. ರಾತ್ರಿ ಶಿಫ್ಟ್‌ನಲ್ಲಿ ಟಾರ್ಚ್ ಬೆಳಕಿನಲ್ಲಿ ಯಾರು ಬಣ್ಣ ನೋಡುತ್ತಾರೆ? ಹೊಸ ಹುಡುಗನಿಗೆ ಕಿತ್ತಳೆ ಅಂದರೆ ಏನು ಅಂತ ಯಾರೂ ಹೇಳಿರುವುದಿಲ್ಲ. ಇಂಟರ್‌ಲಾಕ್‌ಗೂ ಬೀಗ ಹಾಕುವಂಥ ಚಿಕ್ಕ ಡಬಲ್ ಪೋಲ್ (ಎರಡೂ ವೈರ್ ಒಟ್ಟಿಗೆ ಕಡಿಯುವ) ಐಸೊಲೇಟರ್ ಹಾಕಿ. ನಿಯಮ ಬಿಡಬಹುದು ಅಂದರೆ ಬಿಡಲೇಬೇಕು ಅಂತಲ್ಲ, ಅಲ್ವಾ?

ಪ್ಯಾನೆಲ್ ಕಟ್ಟುವವ
ಅದನ್ನು ಆಫ್ ಮಾಡಿದರೆ ಕನ್ವೇಯರ್ ನಿಲ್ಲುತ್ತದೆ. ಪ್ರೊಡಕ್ಷನ್‌ನವರು ಸುಮ್ನೆ ಇರುತ್ತಾರಾ?

ನರಸಾಪುರ ಶಿಫ್ಟ್ ಇನ್‌ಚಾರ್ಜ್, ಕೋಲಾರ
ನಿಲ್ಲಲಿ. ಮುಂದಿನ ಮೆಷಿನ್‌ನೊಳಗೆ ಮನುಷ್ಯನ ಕೈ ಇರುವಾಗ ಹಿಂದಿನ ಕನ್ವೇಯರ್ ಯಾಕೆ ಓಡಬೇಕು?

ಗೌರಿಬಿದನೂರು ವೈರ್‌ಮನ್
ಅಣ್ಣಂದಿರೇ, 230 ವೋಲ್ಟನ್ನೇ ತೆಗೆದುಬಿಡಿ. ಕನ್ವೇಯರ್ ಕಡೆಯಿಂದ ರಿಲೇಯ (ಕರೆಂಟ್‌ನಿಂದ ಕೆಲಸ ಮಾಡುವ ಚಿಕ್ಕ ಸ್ವಿಚ್) ಬರೀ ಕಾಂಟ್ಯಾಕ್ಟ್ ತನ್ನಿ, ವೋಲ್ಟೇಜ್ ಬೇಡ. ಆ ಕಾಂಟ್ಯಾಕ್ಟ್‌ಗೆ ನಿಮ್ಮ ಪ್ಯಾನೆಲ್‌ನ 24 ವೋಲ್ಟ್ ಡಿಸಿ ಕೊಡಿ. ನಾವು ಹೀಗೆ ಬದಲಿಸಿದ ಮೇಲೆ ತಲೆನೋವು ತುಂಬಾ ಕಡಿಮೆಯಾಯಿತು.

ಪ್ಯಾನೆಲ್ ಕಟ್ಟುವವ
ಒಳ್ಳೆಯ ಮಾತು. 24 ವೋಲ್ಟೇ ಕೊಡಿ, ಅದು ಮುಖ್ಯ. ಅದೇ ಕಾಂಟ್ಯಾಕ್ಟ್‌ಗೆ 230 ಕೊಟ್ಟರೆ ಅಪಾಯ ಹೋಗುವುದಿಲ್ಲ, ಕನ್ವೇಯರ್ ಪ್ಯಾನೆಲ್‌ಗೆ ಜಾಗ ಬದಲಾಗುತ್ತದೆ ಅಷ್ಟೆ. ಅಲ್ಲಿ ಮೇನ್ ಆಫ್ ಮಾಡಿದವನಿಗೆ ನಿಮ್ಮ ಕರೆಂಟ್ ಹೊಡೆಯುತ್ತದೆ. ಯುಪಿಎಸ್ ಲೈನ್‌ಗೆ ಮಾತ್ರ ಬೀಗದ ಐಸೊಲೇಟರ್ ಬೇಕೇ ಬೇಕು. ಅದು ಸಪ್ಲೈ, ರಿಯಾಯಿತಿ ಇಲ್ಲ.

ಗೌರಿಬಿದನೂರು ವೈರ್‌ಮನ್
ಇನ್ನೊಂದು. ಬೀಗ ಹಾಕಿದ ಮೇಲೂ ಮೀಟರ್ ಇಡದೆ ಕೈ ಇಡಬೇಡಿ. ಮೊದಲು ಕರೆಂಟ್ ಇರುವ ಕಡೆ ಮೀಟರ್ ಸರಿಯಿದೆಯಾ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ, ಮತ್ತೆ ಕರೆಂಟ್ ಇರುವ ಕಡೆ ನೋಡಿ. ಪ್ಯಾನೆಲ್‌ನಲ್ಲಿ ಡ್ರೈವ್ (ಮೋಟಾರ್ ವೇಗ ಹೊಂದಿಸುವ ಸಾಧನ) ಇದ್ದರೆ ಅದರ ಕೆಪಾಸಿಟರ್‌ನಲ್ಲಿ 550 ವೋಲ್ಟಿಗೂ ಜಾಸ್ತಿ ಡಿಸಿ ನಿಂತಿರುತ್ತದೆ. ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಲೇಬೇಕು.

ವಸಂತನರಸಾಪುರ ಮೇಂಟೆನೆನ್ಸ್
ಭಾನುವಾರ ಶಟ್‌ಡೌನ್ ಕೇಳಿದ್ದೇನೆ. ರಿಲೇ ಬದಲಾವಣೆ, ಯುಪಿಎಸ್‌ಗೆ ಐಸೊಲೇಟರ್, ಬಾಗಿಲಿಗೆ ಕನ್ನಡದಲ್ಲಿ ಬೋರ್ಡ್, ಮೂರೂ ಅವತ್ತೇ ಮಾಡುತ್ತೇವೆ. ಶಾಕ್ ಹೊಡೆಸಿಕೊಂಡ ಹುಡುಗನೇ ಬೋರ್ಡ್ ಬರೆಯುತ್ತೇನೆ ಅಂದಿದ್ದಾನೆ.