ಸಹಾಯ ಬೇಕು: ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ 230 ನ್ಯಾನೊಮೀಟರ್ ಬೆಳಕು ಕುಗ್ಗಿದೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಕಾಫಿ ಬೀಜದ 11ಎಸ್ ಪ್ರೋಟೀನನ್ನು (ಬೀಜದಲ್ಲಿ ಸಂಗ್ರಹವಾಗುವ ಪ್ರೋಟೀನ್) ಮಾದರಿ ಅತಿವೇಗವಾಗಿ ತಿರುಗುತ್ತಿರುವಾಗಲೇ ಅದನ್ನು ಬೆಳಕಿನಿಂದ ಗಮನಿಸುವ ಅನಲಿಟಿಕಲ್ ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಅದು ತಳದತ್ತ ಸರಿಯುವ ವೇಗವನ್ನು ಅಳೆಯುತ್ತಿದ್ದೇವೆ. ಈಚೆಗೆ 230 ನ್ಯಾನೊಮೀಟರ್‌ನಲ್ಲಿ ತೆಗೆದ ಅಬ್ಸಾರ್ಬೆನ್ಸ್ (ಬೆಳಕಿನ ಹೀರಿಕೆ) ಸ್ಕ್ಯಾನ್‌ಗಳಲ್ಲಿ ನಾಯ್ಸ್ (ಅಳತೆಯ ಏರುಪೇರು) ಎಷ್ಟು ಹೆಚ್ಚಿದೆಯೆಂದರೆ, ಸಮತಟ್ಟಾಗಿ ಬರಬೇಕಾದ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆ. 280ರಲ್ಲಿ ಅದೇ ಮಾದರಿ ಬಹುಮಟ್ಟಿಗೆ ಸರಿಯಾಗಿಯೇ ಇದೆ.

ಮಾದರಿ ತುಂಬುವ ಸೆಲ್‌ಗಳ ಜಾಗ ಅದಲುಬದಲು ಮಾಡಿ ನೋಡಿದೆವು. ದೋಷ ಸೆಲ್‌ನ ಜೊತೆ ಹೋಗಲಿಲ್ಲ, ಹಾಗಾಗಿ ಕ್ವಾರ್ಟ್ಜ್ ಕಿಟಕಿಯ ಗೀರು ಕಾರಣವಲ್ಲ. ಬಳಿಕ ಸೆಲ್‌ಗಳನ್ನು ಹೊತ್ತು ತಿರುಗುವ ರೋಟರನ್ನು ನಿಮಿಷಕ್ಕೆ 3000 ಸುತ್ತಿನಲ್ಲಿಟ್ಟು, ಸೆಲ್‌ಗೆ ಎದುರುತೂಕವಾಗಿಡುವ ಕೌಂಟರ್‌ಬ್ಯಾಲೆನ್ಸ್‌ನ ಖಾಲಿ ರಂಧ್ರದ ಮೂಲಕ ಬೆಳಕಿನ ತೀವ್ರತೆಯನ್ನು ತರಂಗಾಂತರವಾರು ಅಳೆದಾಗ, ಕ್ಸೆನಾನ್ ದೀಪದ 230ರ ಸುಮಾರಿನ ಶಿಖರ ತನ್ನ ಸ್ಥಾನದಲ್ಲೇ ಇದ್ದು, ಎತ್ತರ ಮಾತ್ರ ತೀರಾ ತಗ್ಗಿತ್ತು. ಶಿಖರ ಸರಿದಿಲ್ಲವಾದ್ದರಿಂದ ತರಂಗಾಂತರವನ್ನು ಆರಿಸುವ ಮೊನೊಕ್ರೊಮೇಟರ್ ಮೇಲೆ ನನಗೆ ಸಂಶಯವಿಲ್ಲ. ದೀಪ ಹಳತಾಗಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾರೆ. ಇಲ್ಲಿ ಕುಗ್ಗಿರುವುದು ಮುಖ್ಯವಾಗಿ ಅತಿನೇರಳೆಯ ತುದಿಯಲ್ಲಿ. ಯಂತ್ರದೊಳಗಿನ ಗಾಳಿ ತೆಗೆಯುವ ನಿರ್ವಾತ ಪಂಪಿನ ಎಣ್ಣೆಯ ಆವಿ ದೀಪದ ಗಾಜಿನ ಮೇಲೆ ಕೂತು, ಅತಿನೇರಳೆ ಬೆಳಕಿಗೆ ಬೆಂದು ಪೊರೆಗಟ್ಟಿದೆಯೆಂದೇ ನನ್ನ ಅಂದಾಜು.

ಇಂಥ ದೀಪವನ್ನು ಸ್ವತಃ ಶುಚಿಗೊಳಿಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ: ಲೆನ್ಸ್ ಕಾಗದಕ್ಕೆ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಈ ಪೊರೆ ಬಿಡುತ್ತದೆಯೇ, ದೀಪವನ್ನು ಮರಳಿ ಕೂರಿಸಿದ ಮೇಲೆ ರೇಡಿಯಲ್ (ತಿರುಗುವ ಕೇಂದ್ರದಿಂದಿರುವ ದೂರದ) ಮತ್ತು ತರಂಗಾಂತರ ಕ್ಯಾಲಿಬ್ರೇಶನ್ ಎರಡನ್ನೂ ಹೊಸದಾಗಿ ಮಾಡಬೇಕೇ? ದೀಪಕ್ಕೆ ಅಧಿಕ ವೋಲ್ಟೇಜ್ ಇರುವುದರಿಂದ ವಿದ್ಯುತ್ ಪೂರ್ತಿ ಕಡಿತಗೊಳಿಸಿಯೇ ಕೈ ಹಾಕುತ್ತೇವೆ. ತೀವ್ರತೆಯ ಸ್ಕ್ಯಾನ್ ಕಡತಗಳು ಸಿದ್ಧವಾಗಿವೆ, ಕೇಳಿದವರಿಗೆ ಕಳುಹಿಸುತ್ತೇನೆ.